ಸಹಾಯ ಬೇಕು: ಸ್ಟೀಲ್‌ಹೆಡ್ ಹಿಡಿಯಲು ಫ್ಲೈ ಸರಿಯೋ, ಎರೆಯೋ?

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಸಮೀಪದ ಸ್ಯಾಂಡಿ ನದಿಯಲ್ಲಿ ಈ ಚಳಿಗಾಲ ಸ್ಟೀಲ್‌ಹೆಡ್ (ಕಡಲಿಗೆ ಹೋಗಿ ನದಿಗೆ ಮರಳುವ ರೇನ್‌ಬೋ ಟ್ರೌಟ್ ಮೀನು) ಹಿಡಿಯಲು ಹೊರಟಿರುವ ನನಗೆ ಅನುಭವಿಗಳ ಸಲಹೆ ಬೇಕಾಗಿದೆ. ತಣ್ಣೀರಿನಲ್ಲಿ ಮೀನು ತಳ ಬಿಟ್ಟು ಹೆಚ್ಚು ಮೇಲೇಳದ ಕಾರಣ, ಸಾಲ್ಮನ್ ಮೊಟ್ಟೆಯ ಎರೆಯನ್ನು ತೇಲುವ ಬೆಂಡಿನ ಕೆಳಗೆ ಹರಿಯಬಿಡುವುದೇ ಸುಲಭವೆಂಬುದನ್ನು ಒಪ್ಪುತ್ತೇನೆ. ಆದರೆ ಎರೆಯನ್ನು ಆಳಕ್ಕೆ ನುಂಗಿದ ಮೀನಿನ ಕಿವಿರಿಗೆ ಗಾಳ ಸಿಕ್ಕಿದರೆ, ಬಿಟ್ಟರೂ ಅದು ಬದುಕುವುದು ಕಷ್ಟ. ಬಾಲದ ಮುಂದೆ ಬೆನ್ನಿನ ಮೇಲಿರುವ ಪುಟ್ಟ ಕೊಬ್ಬಿನ ರೆಕ್ಕೆ ಸಾಕಣೆ ಕೇಂದ್ರದ ಮೀನಿಗೆ ಮಾಡುವಂತೆ ಕತ್ತರಿಸದೆ ಹಾಗೇ ಇರುವ, ನದಿಯಲ್ಲೇ ಹುಟ್ಟಿದ ಮೀನನ್ನು ಇಲ್ಲಿ ಬಿಡಲೇಬೇಕಾಗಿರುವುದರಿಂದ ನನಗೆ ಈ ಚಿಂತೆ ದೊಡ್ಡದು. ಹಾಗಾಗಿ ಮನಸ್ಸು, ಮೀನು ಸಾಮಾನ್ಯವಾಗಿ ಆಳಕ್ಕೆ ನುಂಗದ ಫ್ಲೈ (ಗರಿ, ನೂಲುಗಳಿಂದ ಗಾಳಕ್ಕೆ ಕಟ್ಟಿದ ಕೃತಕ ಹುಳು) ಕಡೆಗೇ ವಾಲುತ್ತಿದೆ. ಎರಡೂ ಕೈಯಿಂದ ಬೀಸುವ ಉದ್ದನೆಯ ಸ್ಪೇ ರಾಡಿಗೆ ಮುಳುಗುವ ತುದಿಯ ಲೈನ್ ಹಾಕಿ, ಭಾರವಾದ ಫ್ಲೈಯನ್ನು ತಳದ ಹತ್ತಿರ ನಿಧಾನವಾಗಿ ಹಾಯಿಸಿದರೆ, ಮಳೆ ನಿಂತು ನೀರು ತಿಳಿಯಾಗುತ್ತಿರುವಾಗ ಮೀನು ಕಚ್ಚೀತೇ? ಅಥವಾ ಫ್ಲೈ ಬೆನ್ನಟ್ಟಿ ಬರುವ ಬೇಸಿಗೆಯ ಸ್ಟೀಲ್‌ಹೆಡ್‌ಗಾಗಿ ಕಾಯುವುದು ಒಳಿತೇ? ಬಲ್ಲವರು ದಯವಿಟ್ಟು ತಿಳಿಸಿ.