ಸಹಾಯ ಬೇಕು: ಆರ್‌ಸಿ ನಾಚ್ ಲೆಕ್ಕಕ್ಕೆ ಸಿಗುತ್ತಿಲ್ಲ

ನಮಸ್ಕಾರ. ರೆಸಿಸ್ಟೆನ್ಸ್, ಕೆಪಾಸಿಟೆನ್ಸ್ ಎರಡೂ ಉದ್ದಕ್ಕೂ ಹರಡಿಕೊಂಡ ಆರ್‌ಸಿ ಲೈನ್ ಬಳಸಿ ನಾಚ್ ಫಿಲ್ಟರ್ (ಒಂದೇ ಒಂದು ಫ್ರೀಕ್ವೆನ್ಸಿಯನ್ನು ತಡೆಯುವ ಸರ್ಕ್ಯೂಟ್) ಮಾಡುತ್ತಿದ್ದೇನೆ. ಅಂಥ ಲೈನ್ ಅಂಗಡಿಯಲ್ಲಿ ಸಿಗಲ್ಲ ಅಲ್ವಾ, ಬೆಂಗಳೂರಿನ ಎಸ್‌ಪಿ ರೋಡಿನಿಂದ 18 ಕಿಲೋಓಮ್ ರೆಸಿಸ್ಟರ್, 1 ನ್ಯಾನೋಫ್ಯಾರಡ್ ಕೆಪಾಸಿಟರ್ ಹತ್ತತ್ತು ತಂದು ಏಣಿಯ ಹಾಗೆ ಸೋಲ್ಡರ್ ಮಾಡಿದೆ. ಕೆಪಾಸಿಟರ್‌ಗಳ ಕೆಳತುದಿಗಳನ್ನೆಲ್ಲ ಸೇರಿಸಿ ಒಂದೇ ರೆಸಿಸ್ಟರ್ ಮೂಲಕ ಗ್ರೌಂಡಿಗೆ ಕೊಟ್ಟಿದ್ದೇನೆ.

ಹರಡಿಕೊಂಡ ಲೈನಿನ ಸೂತ್ರದ ಪ್ರಕಾರ ಲೈನಿನ ಒಟ್ಟು ರೆಸಿಸ್ಟೆನ್ಸ್ ಈ ಗ್ರೌಂಡ್ ರೆಸಿಸ್ಟರಿನ 17.8 ಪಟ್ಟು ಇರಬೇಕು. ಅಂದರೆ ಗ್ರೌಂಡ್ ರೆಸಿಸ್ಟರ್ 10.1 ಕಿಲೋಓಮ್, ನಾಚ್ 989 ಹರ್ಟ್ಸ್‌ಗೆ. ಆಸಿಲೋಸ್ಕೋಪಿನಲ್ಲಿ ಸಿಕ್ಕಿದ್ದು 1010 ಹರ್ಟ್ಸ್ ಹತ್ತಿರ, ಅಲ್ಲೂ ಔಟ್‌ಪುಟ್ ಪೂರ್ತಿ ಸೊನ್ನೆಗೆ ಇಳಿಯಲಿಲ್ಲ. ಗ್ರೌಂಡ್ ರೆಸಿಸ್ಟರಿನ ಜಾಗಕ್ಕೆ ಪ್ರೀಸೆಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್) ಹಾಕಿ ಮೆಲ್ಲಗೆ ತಿರುಗಿಸಿದೆ. 9.6 ಕಿಲೋಓಮಿಗೆ ಬಂದಾಗ ಗೆರೆ ಚಪ್ಪಟೆಯಾಯಿತು! ಸೋಲ್ಡರ್, ಪ್ರೋಬ್ ಎರಡೆರಡು ಸಲ ನೋಡಿದೆ, ಸರಿಯಾಗಿವೆ.

ಈ ವ್ಯತ್ಯಾಸ ಲೈನನ್ನು ಹತ್ತೇ ತುಂಡು ಮಾಡಿದ್ದಕ್ಕೆ ಬಂತಾ, ಇಲ್ಲ ಬಿಡಿಭಾಗಗಳ 5% ಟಾಲರೆನ್ಸಿಗಾ (ಬರೆದ ಬೆಲೆಗಿಂತ ಆಗಬಹುದಾದ ಹೆಚ್ಚುಕಮ್ಮಿ)? ತುಂಡು ಮಾಡಿದ್ದಕ್ಕೇ ಆದರೆ, ಎಷ್ಟು ತುಂಡಾದರೆ 17.8ರ ಲೆಕ್ಕ ನಂಬಬಹುದು?