ನವೆಂಬರ್ ಪ್ರೋಗ್ರಾಂ ಒಪ್ಕೊಂಡಿದೀವಿ, ಅನುಭವ ಇರೋರು ಸ್ವಲ್ಪ ಹೇಳಿ

ಕೇಳಿದವರು: ಅರಸೀಕೆರೆ, ಕೀಬೋರ್ಡ್

ಎಲ್ಲರಿಗೂ ನಮಸ್ಕಾರ. ಊರಿನ ಭಜನೆಯಲ್ಲಿ, ಶಾಲೆ ವಾರ್ಷಿಕೋತ್ಸವದಲ್ಲಿ ಕೀಬೋರ್ಡ್ ನುಡಿಸ್ಕೊಂಡು ಇದ್ದವನು ನಾನು. ಈ ಚೌತಿಗೆ ಆರು ಜನ ಸೇರಿ ಒಂದು ಆರ್ಕೆಸ್ಟ್ರಾ ಮಾಡಿದ್ವಿ. ಮೂರು ಕಾರ್ಯಕ್ರಮ ಆಯ್ತು. ಮೊದಲನೇದರಲ್ಲಿ ಎರಡನೇ ಹಾಡಿಗೇ ನನ್ನ ಕೀಬೋರ್ಡ್ ಆಫ್ ಆಗಿ ಆನ್ ಆಯ್ತು, ಹಿಂಗೇ ನಾಲ್ಕು ಸಲ. ಎರಡನೇದರಲ್ಲಿ ಹತ್ತು ಗಂಟೆಗೆ ಪೊಲೀಸರು ಬಂದು ನಿಲ್ಲಿಸಿದ್ರು. ಅರ್ಧ ಪ್ರೋಗ್ರಾಂ ಆಯ್ತಲ್ಲ ಅಂತ ಸಮಿತಿಯವರು ಅರ್ಧ ದುಡ್ಡೇ ಕೊಟ್ರು. ಮೂರನೇದರಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಬ್ಯಾಲೆನ್ಸ್ ನಾಳೆ ಹಾಕ್ತೀವಿ ಅಂದ್ರು. ಹದಿನೆಂಟು ದಿನ ಆಯ್ತು, ಆ ನಾಳೆ ಇನ್ನೂ ಬಂದಿಲ್ಲ. ಪ್ಯಾಡ್ (ಕೋಲಲ್ಲಿ ಹೊಡೆಯೋ ಎಲೆಕ್ಟ್ರಾನಿಕ್ ಡ್ರಮ್) ನುಡಿಸೋ ನನ್ನ ಸ್ನೇಹಿತ ಇದೆಲ್ಲ ಬೇಡ, ಬಿಟ್ಟುಬಿಡೋಣ ಅಂತಿದ್ದಾನೆ. ಆದರೆ ರಾಜ್ಯೋತ್ಸವಕ್ಕೆ ಎರಡು ಕಡೆ ಮಾತು ಕೊಟ್ಟಾಗಿದೆ. ನಾವು ಎಲ್ಲಿ ತಪ್ತಿದೀವಿ? ಹಾಡು ಚೆನ್ನಾಗೇ ಬರ್ತಿದೆ ಅಂತ ಜನ ಹೇಳ್ತಾರೆ.

ದಾವಣಗೆರೆ, ಆರ್ಕೆಸ್ಟ್ರಾ, ಇಪ್ಪತ್ತೆರಡು ವರ್ಷ

ತಮ್ಮಾ, ಶಾಲಿನ ಕಥೆ ಓದಿ ನಕ್ಕುಬಿಟ್ಟೆ, ಬೇಜಾರ್ ಮಾಡ್ಕೋಬೇಡ. ನಮ್ಮನೆಯಲ್ಲಿ ಅಂಥ ಶಾಲು ಎಷ್ಟಿವೆ ಅಂದ್ರೆ ನಮ್ಮ ಮನೆಯವರು ಮಿಕ್ಸಿಗೆ, ಹೊಲಿಗೆ ಮೆಷಿನ್ನಿಗೆ, ಗ್ಯಾಸ್ ಸಿಲಿಂಡರಿಗೂ ಹೊದಿಸಿದಾರೆ.

ಮೊದಲು ದುಡ್ಡಿನ ಮಾತು. ಪ್ರೋಗ್ರಾಂ ಮುಗಿದ ಮೇಲೆ ಖಜಾಂಚಿ ಯಾರ ಕೈಗೂ ಸಿಗಲ್ಲ. ಶಾಮಿಯಾನದವರು, ಸೌಂಡಿನವರು, ಅಡುಗೆಯವರು ಎಲ್ಲ ಅವನನ್ನೇ ಸುತ್ತುವರಿದಿರ್ತಾರೆ. ಅವರು ದನಿ ಎತ್ತಿ ಕೇಳ್ತಾರೆ, ನಾವು ಕಲಾವಿದರು ಅಂತ ಸಂಕೋಚ ಪಟ್ಕೊಂಡು ಮೂಲೆಯಲ್ಲಿ ವೈರ್ ಸುತ್ತುತಾ ನಿಲ್ತೀವಿ. ಅದಕ್ಕೇ ನಮಗೆ ಬಾಕಿ. ಒಪ್ಕೊಂಡ ದಿನ ಮೂರರಲ್ಲಿ ಒಂದು ಪಾಲು ಅಡ್ವಾನ್ಸ್, ಸಾಮಾನು ಇಳಿಸೋ ಮೊದಲು ಇನ್ನೊಂದು ಪಾಲು, ಉಳಿದಿದ್ದು ನಡುವಿನ ಬ್ರೇಕ್‌ನಲ್ಲಿ. ನೆನಪಿಟ್ಕೋ, ಮುಗಿದ ಮೇಲೆ ಅಲ್ಲ, ಬ್ರೇಕ್‌ನಲ್ಲಿ. ಕೊನೇ ಮುಕ್ಕಾಲು ಗಂಟೆಯ ಕುಣಿಯೋ ಹಾಡುಗಳು ಇನ್ನೂ ನಿನ್ನ ಕೈಯಲ್ಲಿ ಇರ್ತಾವಲ್ಲ, ಹುಡುಗರು ಅದಕ್ಕೇ ಕಾದಿರ್ತಾರೆ. ಖಜಾಂಚಿಯನ್ನ ಹುಡುಕಿ ಕರ್ಕೊಂಡು ಬರೋ ಕೆಲಸ ಅವರೇ ಮಾಡ್ತಾರೆ.

ಛಾಪಾ ಕಾಗದದ ಮೇಲೆ ಕರಾರು ಬರ್ಕೊಡೋ ಸಮಿತಿ ನಾನಂತೂ ನೋಡಿಲ್ಲ. ಮಾತಾದ ರಾತ್ರಿನೇ ಅಧ್ಯಕ್ಷರಿಗೆ ಒಂದು ವಾಟ್ಸಾಪ್ ಮೆಸೇಜ್ ಹಾಕು: ತಾರೀಖು, ಜಾಗ, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಎಷ್ಟು ಜನ ಬರ್ತೀವಿ, ಸೌಂಡ್ ಯಾರದ್ದು, ವ್ಯಾನಿನ ಬಾಡಿಗೆ ಯಾರದ್ದು, ಊಟ ಎಷ್ಟು ಜನಕ್ಕೆ. ಕೊನೆಗೆ ಒಂದು ಸಾಲು: ಮಳೆಯಿಂದ, ಭಾಷಣದಿಂದ, ಪೊಲೀಸರಿಂದ ಸಮಯ ಕಡಿಮೆಯಾದ್ರೆ ಹಣದಲ್ಲಿ ಕಡಿತ ಇಲ್ಲ. ಕೆಳಗೆ ಅವರು "ಸರಿ" ಅಂತ ಬರೆದ್ರೆ ಸಾಕು.

ಪೊಲೀಸರ ಮೇಲೆ ಸಿಟ್ಟಾಗಬೇಡ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕೋಹಾಗಿಲ್ಲ. ಹಬ್ಬ ಹರಿದಿನ ಅಂತ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ಅನುಮತಿ ತರೋದು ಸಮಿತಿಯ ಕೆಲಸ, ಆ ಪತ್ರದ ಫೋಟೋ ಮುಂಚೆನೇ ತರಿಸ್ಕೋ. ನಿಜವಾದ ತೊಂದರೆ ಬರೋದು ಈ ಕಡೆಯಿಂದ. ಆಹ್ವಾನ ಪತ್ರಿಕೆಯಲ್ಲಿ ಆರೂವರೆ ಅಂತ ಇರತ್ತೆ, ಮುಖ್ಯ ಅತಿಥಿ ಬರೋದು ಎಂಟೂವರೆಗೆ. ಸ್ವಾಗತ, ಸನ್ಮಾನ, ಭಾಷಣ, ವಂದನಾರ್ಪಣೆ ಮುಗಿದಾಗ ಒಂಬತ್ತೂಕಾಲು. ನಿನಗೆ ಉಳಿಯೋದು ಮುಕ್ಕಾಲು ಗಂಟೆ. ಅದಕ್ಕೆ ಆರೂವರೆಗೇ ನೀವು ಶುರು ಮಾಡಿ. ಅತಿಥಿ ಬಂದಾಗ ನಿಲ್ಸಿ, ಅವರು ಇಳಿದ ಮೇಲೆ ಮತ್ತೆ ಹಿಡ್ಕೊಳ್ಳಿ.

ತುಮಕೂರು, ಸೌಂಡ್ಸ್

ಕೀಬೋರ್ಡ್ ಆಫ್ ಆಗಿ ಆನ್ ಆಗಿದ್ದಕ್ಕೆ ನಾನು ಹೇಳ್ತೀನಿ. ಕರೆಂಟ್ ಹೋಗಿದ್ದಲ್ಲ ಅದು, ವೋಲ್ಟೇಜ್ ಬಿದ್ದಿದ್ದು. ಪಕ್ಕದ ಮನೆಯಿಂದ ಸಣ್ಣ ವೈರಲ್ಲಿ ಐವತ್ತು ಮೀಟರ್ ಎಳೆದಿರ್ತಾರೆ. ಅದೇ ಲೈನಿಗೆ ಸೀರಿಯಲ್ ಸೆಟ್, ಅದಕ್ಕೇ ಫೋಕಸ್ ಲೈಟು, ಅದಕ್ಕೇ ಆಂಪ್ಲಿಫೈಯರ್. ಪ್ಯಾಡಿನ ಕಿಕ್, ಅಂದ್ರೆ ದಪ್ಪ ಡ್ರಮ್ಮಿನ ಏಟು, ಜೋರಾಗಿ ಬಿದ್ದಾಗ ಆಂಪ್ಲಿಫೈಯರ್ ಒಮ್ಮೆಲೇ ಎಳೀತದೆ, ವೋಲ್ಟೇಜ್ ಕುಸೀತದೆ, ನಿಮ್ಮ ಅಡಾಪ್ಟರ್ ಉಸಿರು ಬಿಡ್ತದೆ. ಎರಡನೇ ಹಾಡು ಟಪಾಂಗುಚ್ಚಿ ಇತ್ತಲ್ವಾ? ಇದ್ದೇ ಇರ್ತದೆ.

ಕಂಪ್ಯೂಟರಿಗೆ ಹಾಕೋ ಚಿಕ್ಕ ಯುಪಿಎಸ್ ಒಂದು ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದ್ರೂ ಬ್ಯಾಟರಿ ಮಾತ್ರ ಹೊಸದಿರಲಿ. ಕೀಬೋರ್ಡ್ ಎಳೆಯೋದು ಒಂದು ಬಲ್ಬಿನಷ್ಟು ಕರೆಂಟು, ಬೇಕಾದಷ್ಟಾಯ್ತು. ಲೈಟಿಗೆ ಒಂದು ಲೈನ್, ವಾದ್ಯಕ್ಕೆ ಇನ್ನೊಂದು ಲೈನ್ ಅಂತ ಮೊದಲೇ ಕೇಳಿ. ನಿಮ್ಮ ಟೋನುಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಟ್ಕೊಳ್ಳಿ.

ಇನ್ನೊಂದು. ಸ್ಪೀಕರಲ್ಲಿ "ಗುಂಯ್" ಅಂತ ಬರ್ತಿದೆ ಅಂತ ಯಾರೋ ಬಂದು ಪ್ಲಗ್ಗಿನ ಮೂರನೇ ಪಿನ್ನು ತೆಗೆದುಬಿಡೋಣ ಅಂತಾರೆ. ಕೈ ಹಿಡಿದು ನಿಲ್ಸಿ. ಅದು ಅರ್ಥಿಂಗ್ ಪಿನ್ನು. ಗಿಟಾರ್ ತಂತಿ ಮೇಲೆ ಕೈ, ಮೈಕಿಗೆ ತುಟಿ ತಾಗಿದಾಗ ಆ ಶಾಕ್ ಹೊಡೆಯೋದು ನಿಮಗೇ. ಗುಂಯ್ ಹೋಗೋಕೆ ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕೋ ಡಿಐ ಬಾಕ್ಸ್ ಅಂತ ಸಿಗ್ತದೆ, ಅದರಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇರ್ತದೆ. ಸ್ಟೇಜ್ ಹತ್ತಿದ ತಕ್ಷಣ ಮೈಕಿನ ಜಾಲರಿಗೆ ಟೆಸ್ಟರ್ ಇಟ್ಟು ನೋಡೋದು ನನ್ನ ಅಭ್ಯಾಸ. ನೋಡಿದವರು ನಗ್ತಾರೆ, ನಗ್ಲಿ ಬಿಡಿ.

ಮತ್ತೆ ಕಿವಿ. 85 ಡೆಸಿಬಲ್ ಸದ್ದನ್ನ ದಿನಕ್ಕೆ ಎಂಟು ಗಂಟೆ ತಡ್ಕೊಬಹುದು ಅಂತ ಲೆಕ್ಕ ಇದೆ. ಪ್ರತಿ 3 ಡೆಸಿಬಲ್ ಏರಿದ್ರೆ ಆ ಹೊತ್ತು ಅರ್ಧ ಆಗ್ತದೆ. 100ಕ್ಕೆ ಬಂದಾಗ ಉಳಿಯೋದು ಬರೀ ಕಾಲು ಗಂಟೆ. ನಮ್ಮ ಸ್ಟೇಜಲ್ಲಿ ಮಾನಿಟರ್ (ನಮ್ಮ ಕಡೆಗೇ ತಿರುಗಿಸಿಟ್ಟ ಸ್ಪೀಕರ್) ಮುಂದೆ ನಿಂತವನಿಗೆ ಮೂರು ಗಂಟೆ ಅದೇ ಗತಿ. ನನ್ನ ಎಡಗಿವಿಗೆ ಈಗ ಫೋನ್ ಹಿಡಿಯಲ್ಲ ನಾನು.

ಶಿವಮೊಗ್ಗ, ಗಾಯಕ

ಆರು ಜನ ಯಾಕೆ ಗುರು? ಮೈನಸ್ ಟ್ರ್ಯಾಕ್ (ಹಾಡುವ ದನಿ ತೆಗೆದ ಮ್ಯೂಸಿಕ್) ಹಾಕ್ಕೊಂಡು ಹಾಡಿ. ನಾನು, ಒಬ್ಬ ಗಾಯಕಿ, ಒಂದು ಲ್ಯಾಪ್‌ಟಾಪ್. ಕಾರಿನಲ್ಲೇ ಹೋಗಿ ಬರ್ತೀವಿ.

ದಾವಣಗೆರೆ, ಆರ್ಕೆಸ್ಟ್ರಾ

ನಿಮ್ಮಿಂದಲೇ ಸ್ವಾಮಿ ನಮ್ಮ ರೇಟು ಇಳಿದಿದ್ದು! ತಮಾಷೆಗೆ ಹೇಳಿದೆ. ಪೂರ್ತಿ ತಮಾಷೆನೂ ಅಲ್ಲ. ಲ್ಯಾಪ್‌ಟಾಪ್ ಪ್ರೋಗ್ರಾಮಿಗೆ ಇಷ್ಟು ಅಂತ ಕೇಳ್ಕೊಂಡು ಬಂದ ಸಮಿತಿಯವರು ಆರು ಜನದ ತಂಡಕ್ಕೂ ಅಷ್ಟೇ ಕೊಡ್ತೀವಿ ಅಂತಾರೆ. ಆದರೆ ಗಾಯಕಿ ಒಂದು ಸಾಲು ಮರೆತ್ರೆ ನಮ್ಮ ಹುಡುಗರು ಅದೇ ಸಾಲನ್ನ ಇನ್ನೊಂದು ಸುತ್ತು ನುಡಿಸಿ ಕಾಯ್ತಾರೆ. ನಿಮ್ಮ ಟ್ರ್ಯಾಕು ಕಾಯತ್ತಾ?

ಮೈಸೂರು, ಗಾಯಕಿ

ನಿಮ್ಮ ತಂಡದಲ್ಲಿ ಹೆಣ್ಣುಮಗಳು ಇದಾಳಾ ತಮ್ಮ? ಇದ್ರೆ ಆ ವಾಟ್ಸಾಪ್ ಮೆಸೇಜಿಗೆ ಎರಡು ಸಾಲು ಸೇರಿಸು. ಒಂದು, ಬಟ್ಟೆ ಬದಲಾಯಿಸೋಕೆ ಚಿಲಕ ಇರೋ ಕೋಣೆ, ಹತ್ತಿರದಲ್ಲೇ ಶೌಚಾಲಯ. ಎರಡು, ಸ್ಟೇಜಿನ ಮೆಟ್ಟಿಲ ಹತ್ರ ಸಮಿತಿಯ ಇಬ್ಬರು. ಶೌಚಾಲಯ ಇಲ್ಲ ಅಂತ ಮಧ್ಯಾಹ್ನದಿಂದ ನೀರೇ ಕುಡಿಯದೆ ಹೋಗಿ, ಗಂಟಲು ಒಣಗಿ, ಮೇಲಿನ ಸ್ವರಕ್ಕೆ ದನಿ ಸೀಳಿದ್ದು ನಂಗೊತ್ತು. ಹಾಡಿಲ್ಲ ಅಂತ ಬೈದವರಿಗೆ ಅದು ಗೊತ್ತಿರಲ್ಲ. ರಾತ್ರಿ ವಾಪಸ್ ಬರುವಾಗ ಮೊದಲು ಅವಳನ್ನ ಮನೆ ಬಾಗಿಲಿಗೆ ಬಿಟ್ಟು ಆಮೇಲೆ ಸಾಮಾನು ಇಳಿಸಬೇಕು. ವ್ಯಾನಿನ ದಾರಿಗೆ ಸುತ್ತಾಗತ್ತೆ ಅಂತ ಬೈಪಾಸಿನಲ್ಲಿ ಇಳಿಸಿ ಹೋದ ತಂಡಕ್ಕೆ ನಾನು ಮತ್ತೆ ಹೋಗ್ಲಿಲ್ಲ.

ಶ್ರುತಿ ವಿಷಯ. ಡ್ಯೂಯೆಟ್‌ಗಳನ್ನ ಯಾವ ಶ್ರುತಿಯಲ್ಲಿ ಅಂತ ಮನೆಯಲ್ಲೇ ತೀರ್ಮಾನ ಮಾಡಿ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕೊಡು. ಕೀಬೋರ್ಡಿನವನಿಗೆ ಶ್ರುತಿ ಬದಲಾಯಿಸೋ ಟ್ರಾನ್ಸ್‌ಪೋಸ್ ಒತ್ತಿದ್ರೆ ಆಯ್ತು, ಕೊಳಲಿನವರು ಏನು ಮಾಡ್ಬೇಕು? ಬೇರೆ ಕೊಳಲೇ ಹುಡುಕಬೇಕು. ಮತ್ತೆ ಹಾಡು ಮುಗಿದ ಮೇಲೆ ಆ ಟ್ರಾನ್ಸ್‌ಪೋಸ್ ವಾಪಸ್ ತೆಗಿಯೋದು ಮರೀಬೇಡಪ್ಪ. ಒಂದು ಸಲ ಇಡೀ ಪಲ್ಲವಿ ನಾನೊಂದು ಕಡೆ, ಕೀಬೋರ್ಡ್ ಒಂದು ಕಡೆ.

ಈ ಹಾಡು ಹಾಡಿ ಅಂತ ಚೀಟಿಗಳು ಬರ್ತಾವೆ. ಬೇಡ ಅನ್ಬೇಡ, ಎಲ್ಲ ಇಸ್ಕೋ, ನಿರೂಪಕರ ಕೈಗೆ ಕೊಡು, ಅವರು ಆರಿಸ್ಲಿ. ನಂಜನಗೂಡಿನ ಹತ್ರ ಒಂದು ಹಳ್ಳಿಯಲ್ಲಿ ಒಂದು ಚೀಟಿ ಬಂತು, ಹಾಡಿನ ಹೆಸರೇ ಇಲ್ಲ, "ನಮ್ಮಮ್ಮ ಹಾಡ್ತಿದ್ದ ಹಾಡು" ಅಂತ ಬರೆದಿತ್ತು. ಕೊಟ್ಟವನನ್ನ ಕರೆದು ಗುನುಗಪ್ಪ ಅಂದೆ. ಗುನುಗಿದ್ದು ಯಾವುದೋ ಸೋಪಿನ ಜಾಹೀರಾತು. ಕೀಬೋರ್ಡಿನವರು ಒಂದು ನಿಮಿಷ ಅದನ್ನೇ ನುಡಿಸಿದ್ರು. ಆವತ್ತಿನ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ಧಾರವಾಡ, ತಬಲಾ

ಅಕ್ಕಾರ ಶ್ರುತಿ ಮಾತು ಖರೇ ಅದ. ನಿಮ್ಮ ತಂಡದಾಗ ತಬಲಾ, ಢೋಲಕ್ ಏನರ ಇದ್ರ ಹೇಳ್ತೀನಿ ಕೇಳ್ರಿ. ನವೆಂಬರ್ ಆದ ಮ್ಯಾಲೆ ಬಯಲು ಸ್ಟೇಜಿಗೆ ಇಬ್ಬನಿ ಬೀಳ್ತದ. ತೊಗಲು ತೇವ ಹಿಡದು ಸಡಲಾಗ್ತದ, ಶ್ರುತಿ ಕೆಳಗ ಇಳೀತದ. ಫೋಕಸ್ ಲೈಟ್ ನೆತ್ತಿ ಮ್ಯಾಲೆ ಇದ್ರ ಕಾದು ಬಿಗೀತದ, ಮ್ಯಾಲೆ ಏರ್ತದ. ಹಾರ್ಮೋನಿಯಂ, ಕೀಬೋರ್ಡ್ ಇದ್ದಲ್ಲೇ ಇರ್ತಾವ. ಕೇಳವರಿಗೆ ಗಾಯಕರು ಅಪಸ್ವರ ಹಾಡಿಧಂಗ ಅನಸ್ತದ, ತಪ್ಪು ನಮ್ಮ ದಾಯಾಂದು, ಅಂದ್ರ ಬಲಗೈ ತಬಲಾದ್ದು ಇರ್ತದ. ನಾ ಪ್ರತಿ ಎರಡು ಹಾಡಿಗೊಮ್ಮೆ ಸುತ್ತಿಗಿ ತಗೋತೀನಿ. ಆ ಅರ್ಧ ನಿಮಿಷ ನಿರೂಪಕರು ಮಾತಾಡಬೇಕು ಅಂತ ಮೊದಲ ಹೇಳಿಟ್ಟಿರ್ತೀನಿ. ಇಲ್ಲಂದ್ರ ಮಂದಿ "ಹೋ" ಅಂತಾರ. ಗಂಡಸರು ಹಾಡೋ ಒಂದೂವರಿ ಶ್ರುತಿಗೆ ಒಂದು ದಾಯಾ, ಹೆಣ್ಮಕ್ಕಳ ಐದೂವರಿಗೆ ಸಣ್ಣ ಬಾಯಿದು ಇನ್ನೊಂದು. ಒಂದರಾಗ ಎಲ್ಲಾ ಮಾಡ್ತೀನಿ ಅಂದ್ರ ತೊಗಲು ಹರೀತದ.

ಬೆಂಗಳೂರು, ಗಿಟಾರ್

ಇಲ್ಲಿ ಪಬ್‌ಗಳ ಕಥೆನೇ ಬೇರೆ. ಶಾಲೂ ಇಲ್ಲ, ಅಧ್ಯಕ್ಷರೂ ಇಲ್ಲ. "ನಿಮ್ಮ ಕಡೆಯಿಂದ ಎಷ್ಟು ಜನ ಬರ್ತಾರೆ?" ಅನ್ನೋದೇ ಮೊದಲ ಪ್ರಶ್ನೆ. ಅದರ ಮೇಲೆ ಲೈಸೆನ್ಸ್ ತಲೆನೋವು. ಸಾರ್ವಜನಿಕ ಮನರಂಜನಾ ಸ್ಥಳಗಳ ಬಗ್ಗೆ 2005ರಲ್ಲಿ ಇಲ್ಲಿನ ಪೊಲೀಸರು ಹೊರಡಿಸಿದ ಆದೇಶವನ್ನ 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಎಷ್ಟೋ ಕಡೆ ಲೈವ್ ಮ್ಯೂಸಿಕ್ಕೇ ನಿಂತುಹೋಯ್ತು. ನಮ್ಮ ತಂಡಕ್ಕೆ ಒಂದೇ ವಾರದಲ್ಲಿ ಮೂರು ಪ್ರೋಗ್ರಾಂ ಕ್ಯಾನ್ಸಲ್. ಅವತ್ತಿಂದ ಜಾಗಕ್ಕೆ ಲೈಸೆನ್ಸ್ ಇದೆಯಾ ಅಂತ ಕೇಳದೆ ತಾರೀಖು ಕೊಡಲ್ಲ.

ಹಾಡುಗಳ ಹಕ್ಕಿನ ವಿಷಯ ಯಾರೂ ಹೇಳಲಿಲ್ಲ. ಟಿಕೆಟ್ ಇಟ್ಟ ಶೋ, ಹೋಟೆಲ್ ಅಂದ್ರೆ ಸಿನಿಮಾ ಹಾಡು ಹಾಡೋಕೆ ಗೀತರಚನೆಕಾರರ, ಸಂಗೀತ ನಿರ್ದೇಶಕರ ಸಂಘದ, ಅಂದ್ರೆ ಐಪಿಆರ್‌ಎಸ್ ಲೈಸೆನ್ಸ್ ಬೇಕು. ಅದನ್ನ ಆಯೋಜಕರೇ ತಗೋಬೇಕು ಅಂತ ಬರೆಸ್ಕೊಳ್ಳಿ. ಮದುವೆ ಮನೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಸ್ವಂತ ಹಾಡು ಇದ್ರೆ ನಾಲ್ಕನೇದಾಗಿ ಹಾಡಿ, ಶುರುವಿಗೆ ಬೇಡ. ಮೂರು ಗೊತ್ತಿರೋ ಹಾಡು ಕೇಳಿದ ಮೇಲೆ ಜನ ಒಂದು ಗೊತ್ತಿಲ್ಲದ್ದನ್ನ ಸಹಿಸ್ಕೋತಾರೆ.

ದಾವಣಗೆರೆ, ಆರ್ಕೆಸ್ಟ್ರಾ

ನವೆಂಬರ್ ಅಂದ ಮೇಲೆ ನೆನಪಾಯ್ತು. ನಾಡಗೀತೆ ನಿಮ್ಮ ತಂಡವೇ ಹಾಡ್ಬೇಕಾಗತ್ತೆ. 2022ರ ಸರ್ಕಾರಿ ಆದೇಶದ ಪ್ರಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ ಇಲ್ಲದೆ, ಸಾಲು ಮರುಕಳಿಸದೆ, 2 ನಿಮಿಷ 30 ಸೆಕೆಂಡಿನಲ್ಲಿ ಮುಗೀಬೇಕು. ಗಡಿಯಾರ ಇಟ್ಕೊಂಡು ಅಭ್ಯಾಸ ಮಾಡಿ. ಎಲ್ಲರೂ ಎದ್ದು ನಿಂತಿರುವಾಗ ಕೀಬೋರ್ಡಿನವನು ನಡುವೆ ಬಿಜಿಎಂ ಎಳೆಯೋಕೆ ಹೋಗಬಾರದು.

ನಿನ್ನ ಪ್ಯಾಡ್ ಸ್ನೇಹಿತನಿಗೆ ಹೇಳು, ಕೆಲಸ ಬಿಡೋದು ಬೇಡ, ಪ್ಯಾಡೂ ಬಿಡೋದು ಬೇಡ. ಚೌತಿಯಿಂದ ನವೆಂಬರ್ ಕೊನೆವರೆಗೆ, ಆಮೇಲೆ ಸಂಕ್ರಾಂತಿಯಿಂದ ಜಾತ್ರೆಗಳು ಮುಗಿಯೋವರೆಗೆ ನಮ್ಮ ಸುಗ್ಗಿ. ಪಿತೃಪಕ್ಷದಲ್ಲಿ, ಆಷಾಢದಲ್ಲಿ ಫೋನೇ ಬರಲ್ಲ. ನನಗೆ ಟೈಲರ್ ಅಂಗಡಿ ಇದೆ, ಆ ತಿಂಗಳುಗಳಲ್ಲಿ ಅದೇ ಊಟ ಹಾಕೋದು.

ಅರಸೀಕೆರೆ, ಕೀಬೋರ್ಡ್

ಎಲ್ಲರಿಗೂ ಥ್ಯಾಂಕ್ಸ್. ಮೊದಲನೇ ಪ್ರೋಗ್ರಾಂ ನಿನ್ನೆ ಮುಗೀತು. ಯುಪಿಎಸ್ ಎರಡು ಸಲ "ಪೀಂ" ಅಂತು, ಕೀಬೋರ್ಡ್ ಅಲ್ಲಾಡಲಿಲ್ಲ. ನಾಡಗೀತೆ ಎರಡು ನಿಮಿಷ ನಲವತ್ತಾಯ್ತು, ಹತ್ತು ಸೆಕೆಂಡ್ ಜಾಸ್ತಿ. ಬ್ರೇಕಲ್ಲಿ ದುಡ್ಡು ಕೇಳೋಕೆ ನಾಲಿಗೆನೇ ಹೊರಳಲಿಲ್ಲ. ಪ್ಯಾಡಿನವನೇ ಹೋಗಿ ಕೇಳಿದ. ಖಜಾಂಚಿ ಅಂಕಲ್ ಚಂದಾ ಡಬ್ಬಿ ತಂದು ನನ್ನ ಕೀಬೋರ್ಡ್ ಕೇಸಿನ ಮೇಲೆ ಸುರಿದು ಹತ್ತು, ಇಪ್ಪತ್ತರ ನೋಟುಗಳನ್ನ ಎಣಿಸೋಕೆ ಕೂತರು. ಎಣಿಸಿ ಮುಗಿಯೋ ಹೊತ್ತಿಗೆ ಬ್ರೇಕ್ ಇಪ್ಪತ್ತೈದು ನಿಮಿಷ ಆಗಿತ್ತು, ಜನ ಶಿಳ್ಳೆ ಹಾಕ್ತಿದ್ರು. ಪೂರ್ತಿ ಬಂತು.

ಇನ್ನೊಂದೇ ಪ್ರಶ್ನೆ. ಬಾಕಿ ಇಟ್ಕೊಂಡಿರೋ ಆ ಶಾಲಿನ ಸಮಿತಿಯವರೇ ಇವತ್ತು ಫೋನ್ ಮಾಡಿ ಸಂಕ್ರಾಂತಿಗೆ ಬನ್ನಿ ಅಂತಿದಾರೆ. ಹೋಗೋದಾ ಬೇಡ್ವಾ ಅಣ್ಣ?

ದಾವಣಗೆರೆ, ಆರ್ಕೆಸ್ಟ್ರಾ

ಹೋಗು. ಹಳೇ ಬಾಕಿ ಬಂದ ಮೇಲೆ ಹೊಸ ತಾರೀಖು ಬರ್ಕೋ. ಫೋನಲ್ಲಿ ಜಗಳ ಆಡ್ಬೇಡ, ನಗ್ತಾನೇ ಹೇಳು. ಪ್ಯಾಡಿನವನ ಕೈಯಲ್ಲಿ ಮಾತಾಡಿಸಿದ್ರೂ ಆಯ್ತು, ಅವನಿಗೆ ಈಗ ಅಭ್ಯಾಸ ಆಗಿದೆ.