ಜುಬಾ ಮಿಷನ್‌ಗೆ ಹೊರಟಿದ್ದೇನೆ, ಪ್ರಯಾಣದ ಅನುಭವ ಇದ್ದವರು ಹೇಳಿ

ಬೆಳಗಾವಿ ಸಿಪಾಯಿ: ನಮ್ಮ ಯೂನಿಟ್‌ಗೆ ದಕ್ಷಿಣ ಸುಡಾನ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಮಿಷನ್ ಬಂದಿದೆ, ಹೋಗುವುದು ಅಲ್ಲಿನ ರಾಜಧಾನಿ ಜುಬಾಗೆ. ದೆಹಲಿಯಿಂದ ವಿಮಾನ. ನನಗೆ ಬಸ್ಸಿನಲ್ಲೇ ವಾಂತಿ ಬರುತ್ತದೆ, ವಿಮಾನ ಇದೇ ಮೊದಲು. ಕೈಚೀಲದಲ್ಲಿ ಏನಿಡಲಿ, ಟ್ರಂಕಿನಲ್ಲಿ ಏನಿಡಲಿ?

ಗೋಕಾಕ ಹವಾಲ್ದಾರ್: ತಮ್ಮಾ, ಟ್ರಂಕಿನ ಕಥೆ ನನ್ನನ್ನು ಕೇಳು. ಹೊಸ ಟ್ರಂಕ್ 2,600. ಕಪ್ಪು ಬಣ್ಣ ಹೊಡೆಸಿ ಹೆಸರು, ನಂಬರ್ ಬರೆಸಲು 350. ಬೀಗಕ್ಕೆ ಬೇರೆ 280. ಇಷ್ಟೆಲ್ಲ ಆದ ಮೇಲೆ ಅದು ವಿಮಾನದಲ್ಲಿ ಬರಲ್ಲ ಅಂದರು! ಹಡಗಿನಲ್ಲಿ ಮೊಂಬಾಸಾಗೆ ಹೋಯಿತು. ಅಲ್ಲಿಂದ ಲಾರಿಯಲ್ಲಿ ಕೀನ್ಯಾ, ಉಗಾಂಡ ದಾಟಿ ಜುಬಾಗೆ. ನಾವು ಮುಟ್ಟಿ ಎಷ್ಟೋ ವಾರ ಆದ ಮೇಲೆ ಬಂತು. ತೆಗೆದರೆ ಅವ್ವ ಕುಟ್ಟಿ ಕಳಿಸಿದ್ದ ಶೇಂಗಾ ಚಟ್ನಿಗೆ ಬೂಸ್ಟು ಹಿಡಿದಿತ್ತು, ಅದರ ಎಣ್ಣೆಯೆಲ್ಲ ಹೊಸ ಯೂನಿಫಾರ್ಮ್‌ಗೆ ಇಳಿದಿತ್ತು. ಎರಡು ಜೋಡಿ ಹಾಳು.

ಮಡಿಕೇರಿ ಅಕ್ಕ: ನಮ್ಮವರನ್ನು ಕಳಿಸಿಕೊಡಲು ದೆಹಲಿಗೆ ಹೋಗಿದ್ದೆ, ಮಗುವನ್ನೂ ಕಟ್ಟಿಕೊಂಡು. ಲಾಡ್ಜಿಗೆ ದಿನಕ್ಕೆ 1,800. ವಿಮಾನ ಮುಂದಕ್ಕೆ ಹೋಯಿತು. ಕೊನೆಗೆ ಗೇಟಿನ ಆಚೆ ಬಿಡಲೇ ಇಲ್ಲ. ಸುಮ್ನೆ ಮನೆಯಲ್ಲೇ ಇರಬೇಕು ಅಂತ ಅತ್ತೆ ಹೇಳುತ್ತಲೇ ಇದ್ದರು. ಆದರೂ ಹೋದದ್ದಕ್ಕೆ ನನಗೆ ಬೇಜಾರಿಲ್ಲ.

ನಿವೃತ್ತ ಸುಬೇದಾರ್, ಹಾಸನ: ಚಟ್ನಿ, ಲಾಡ್ಜು! 1987ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ವಿರುದ್ಧ ಹೋರಾಡಲು ನಮ್ಮನ್ನು ಮದ್ರಾಸಿನಿಂದ ಶ್ರೀಲಂಕಾದ ಪಲಾಲಿಗೆ ಒಯ್ದಾಗ ಆನ್-32 ಸಾಗಣೆ ವಿಮಾನದ ಹೊಟ್ಟೆಯಲ್ಲಿ ರೈಫಲ್ ತಬ್ಬಿಕೊಂಡು ಕೂತಿದ್ದೆವು. ಬೆನ್ನ ಮೇಲೆ ಇದ್ದದ್ದೇ ಸಾಮಾನು. ಇಳಿದ ಮೇಲೆ ಜಾಫ್ನಾದ ಸರಿಯಾದ ನಕ್ಷೆ ಸಹ ಕೈಯಲ್ಲಿರಲಿಲ್ಲ. ಶ್ರೀಲಂಕಾಗೆ ಹೋದ ನಮ್ಮ ಸೈನಿಕರಲ್ಲಿ 1,100ಕ್ಕೂ ಹೆಚ್ಚು ಜನ ವಾಪಸ್ ಬರಲಿಲ್ಲ. ನೀವು ಡಾಲರ್ ಎಣಿಸಲು ಹೋಗುವವರು.

ಗೋಕಾಕ ಹವಾಲ್ದಾರ್: ಯಾವ ಡಾಲರ್ ಸಾಬ್? ತಲೆಗೆ ಇಷ್ಟು ಅಂತ ತಿಂಗಳಿಗೆ 1,400 ಡಾಲರ್‌ಗೂ ಜಾಸ್ತಿ ವಿಶ್ವಸಂಸ್ಥೆ ಕೊಡುವುದು ಸರ್ಕಾರಕ್ಕೆ. ವಿಶ್ವಸಂಸ್ಥೆಯಿಂದ ನಮ್ಮ ಕೈಗೆ ಬರುವ ದಿನಭತ್ಯೆ 1.28 ಡಾಲರ್. ಉಳಿದ ಸಂಬಳ, ಭತ್ಯೆ ನಮ್ಮ ಸರ್ಕಾರದ್ದೇ. ಲಕ್ಷ ಲಕ್ಷ ತರುತ್ತಾರೆ ಅಂತ ಊರಲ್ಲಿ ಸುದ್ದಿ ಹಬ್ಬಿಸಿ, ಬಂದ ವಾರದಲ್ಲೇ ಸಾಲ ಕೇಳಲು ಸಾಲು ನಿಲ್ಲುವಂತೆ ಮಾಡುವವರು ನಿಮ್ಮಂಥವರೇ. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಸುಡಾನ್‌ನ ಜೊಂಗ್ಲೆಯಲ್ಲಿ ಹೊಂಚು ಹಾಕಿ ನಮ್ಮ ಐವರನ್ನು ಕೊಂದರಲ್ಲ, ಅವರೂ ಡಾಲರ್ ಎಣಿಸಲು ಹೋದವರಾ?

ಸುಳ್ಯದ ನರ್ಸಿಂಗ್ ಅಸಿಸ್ಟೆಂಟ್: ಹಳದಿ ಜ್ವರದ ಸೂಜಿ ಹಾಕಿಸಿ ಹತ್ತು ದಿನ ಆಗಿರಲೇಬೇಕು. ಸೂಜಿ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇಡಿ. ಮಲೇರಿಯಾ ಬಾರದಂತೆ ಡಾಕ್ಸಿ (ಡಾಕ್ಸಿಸೈಕ್ಲಿನ್) ಮಾತ್ರೆ ಕೊಟ್ಟರೆ ಖಾಲಿ ಹೊಟ್ಟೆಗೆ ನುಂಗಬೇಡಿ, ಎದೆ ಉರಿಯುತ್ತದೆ. ನನಗೆ ಕೊಟ್ಟದ್ದು ವಾರಕ್ಕೊಂದು ಮೆಫ್ಲೋಕ್ವಿನ್. ರಾತ್ರಿಯೆಲ್ಲ ಕೆಟ್ಟ ಕನಸು. ಪಕ್ಕದ ಮಂಚದವನು ಜಾಗ ಬದಲಿಸಿಕೊಂಡ.

ಮಡಿಕೇರಿ ಅಕ್ಕ: ಆ ಹುಡುಗ ವಾಂತಿಗೆ ಕೇಳಿದ್ದು, ಅಲ್ವಾ? ಯೂನಿಟ್ ಡಾಕ್ಟರ್ ಹತ್ತಿರ ಮಾತ್ರೆ ಇಸ್ಕೊ ತಮ್ಮ, ಹತ್ತುವ ಮುಂಚೆಯೇ ತಗೊ. ರೆಕ್ಕೆ ಹತ್ತಿರದ ಸೀಟು ಸಿಕ್ಕರೆ ಅಲುಗಾಟ ಕಮ್ಮಿ.

ನಿವೃತ್ತ ಸುಬೇದಾರ್, ಹಾಸನ: ಸತ್ತವರ ಬಗ್ಗೆ ನಾನು ಒಂದು ಮಾತೂ ಆಡಿಲ್ಲ, ಹವಾಲ್ದಾರ್. ಬರೆದದ್ದನ್ನು ಇನ್ನೊಮ್ಮೆ ಓದು. ನಮ್ಮ ಹುಡುಗರಿಗೆ ಕೊಲಂಬೊ ಪಕ್ಕ ಶ್ರೀಲಂಕಾದವರು ಸ್ಮಾರಕ ಕಟ್ಟಿದ್ದಾರೆ. ನಮ್ಮ ತಾಲ್ಲೂಕಿನಲ್ಲಿ ಒಂದು ರಸ್ತೆಗೆ ಹೆಸರಿಡಿ ಅಂತ ಅರ್ಜಿ ಕೊಟ್ಟರೆ, ಅದು ಯಾವ ಯುದ್ಧ ಅಂತ ಕೇಳಿದರು.

ಗೋಕಾಕ ಹವಾಲ್ದಾರ್: ಅರ್ಜಿ ಯಾವ ಆಫೀಸಿಗೆ ಕೊಟ್ಟಿರಿ ಸಾಬ್? ನಮ್ಮಲ್ಲೂ ಅದೇ ಗತಿ.